ಸರ್ಕಾರಿ ಬಳ್ಳಿಯ ಘಮ

ಬೇಸಿಗೆ ಬಂತೆಂದರೆ ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ನಮ್ಮಂಥವರಿಗೆ ಒಂದೇ ಚರ್ಚೆ: ಈ ಸಲದ ಬ್ಲಾಂಡ್ ಏಲ್‌ಗೆ ಯಾವ ಹಾಪ್ಸ್? ಬ್ಲಾಂಡ್ ಅಂದ್ರೆ ತೆಳು ಬಂಗಾರದ ಬಣ್ಣದ, ಶೇ 4-5 ಆಲ್ಕೋಹಾಲ್ ಇರುವ ಹಗುರ ಬಿಯರ್. ಲಾಗರ್ ಬಿಟ್ಟು ಬೇರೇನೂ ಮುಟ್ಟದವರನ್ನು ಒಲಿಸೋಕೆ ಇಲ್ಲಿನ ಬ್ರೂಪಬ್‌ಗಳು ಇದನ್ನು ಇಟ್ಟುಕೊಳ್ಳುತ್ತವೆ. ಕಪ್ಪು ಸ್ಟೌಟ್‌ನಲ್ಲಾದರೆ ಹುರಿದ ಮಾಲ್ಟ್ ಹಿಂದೆ ಏನನ್ನಾದರೂ ಅಡಗಿಸಬಹುದು, ಇದರಲ್ಲಿ ಆಗಲ್ಲ. ತಿಳಿಸಾರಿಗೆ ಇಂಗು ಒಂದು ಚಿಟಿಕೆ ಜಾಸ್ತಿಯಾದರೆ ಇಡೀ ಮನೆಗೆ ಗೊತ್ತಾಗುತ್ತಲ್ಲ, ಹಾಗೆ.

ಗೆಳೆಯರೆಲ್ಲ ಸಿಟ್ರಾ, ಮೊಸಾಯಿಕ್ ಅಂತಾರೆ. ನನ್ನ ಓಟು ಕ್ಯಾಸ್ಕೇಡ್‌ಗೆ. ರುಚಿ ಒಂದು ಕಾರಣ, ಅದರ ಚರಿತ್ರೆ ಇನ್ನೂ ದೊಡ್ಡ ಕಾರಣ.

ಹಾಪ್ಸ್ ಒಂದು ಬಳ್ಳಿ. ಅದರ ಹೆಣ್ಣು ಹೂವಿನಿಂದಲೇ ಬಿಯರ್‌ಗೆ ಕಹಿ, ಘಮ ಎರಡೂ. ಬೇಸಿಗೆಯ ಹಗಲು ತುಂಬಾ ಉದ್ದ ಇರೋ ಕಡೆ ಚೆನ್ನಾಗಿ ಬರುತ್ತೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯ ರೈತರೂ ಬೆಳೆದಿದ್ದಾರೆ. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಅಮೆರಿಕದ ಹೊಲಗಳಲ್ಲಿ ಇದ್ದದ್ದು ಬಹುಪಾಲು ಕ್ಲಸ್ಟರ್ ಅನ್ನೋ ತಳಿ. ಕಹಿಗೆ ಸರಿ, ಘಮಕ್ಕೆ ಅಷ್ಟಕ್ಕಷ್ಟೆ. ಸುವಾಸನೆಯ ಹಾಪ್ಸ್ ಬೇಕಿದ್ದರೆ ದೊಡ್ಡ ಕಂಪನಿಗಳು ಜರ್ಮನಿಯ ಹ್ಯಾಲರ್ಟಾವು ಪ್ರದೇಶದತ್ತ ನೋಡುತ್ತಿದ್ದವು. ಜೊತೆಗೆ ರೋಗದ ಕಾಟ ಬೇರೆ. ನಮ್ಮ ದ್ರಾಕ್ಷಿ ಬೆಳೆಗಾರರು ಡೌನಿ ಅಂತ ಶಪಿಸ್ತಾರಲ್ಲ, ಅದರದೇ ದಾಯಾದಿಯಾದ ಬೂಜು ರೋಗ ಹಾಪ್ಸ್‌ಗೂ ಬರುತ್ತೆ.

ಇದನ್ನು ತಡೆದುಕೊಳ್ಳುವ ತಳಿಗಾಗಿ ಒರೆಗಾನ್‌ನ ಕೊರ್ವಾಲಿಸ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದರು. 1956ರಲ್ಲಿ ಅಲ್ಲಿ ಸಂಗ್ರಹಿಸಿದ ಒಂದು ಬೀಜದಿಂದ ಹುಟ್ಟಿದ್ದೇ ಕ್ಯಾಸ್ಕೇಡ್. ತಾಯಿಯ ಕಡೆ ಇಂಗ್ಲೆಂಡಿನ ಫಗಲ್, ರಷ್ಯಾದ ಸೆರೆಬ್ರಿಯಾಂಕಾ. ತಂದೆ? ಗಾಳಿಯಲ್ಲಿ ತೇಲಿ ಬಂದ ಪರಾಗ, ಅಷ್ಟೇ. ಹೆಸರು ಮಾತ್ರ ಅಲ್ಲಿನ ಪರ್ವತ ಸಾಲಿನದು.

ಅದು ರೈತರಿಗೆ ಅಧಿಕೃತವಾಗಿ ಸಿಕ್ಕಿದ್ದು 1972ರಲ್ಲಿ. ಬೀಜದಿಂದ ಬಿಡುಗಡೆಗೆ ಹದಿನಾರು ವರ್ಷ! ನಮ್ಮ ಆಫೀಸುಗಳಲ್ಲಿ ಎರಡು ಕ್ವಾರ್ಟರ್ ಫಲಿತಾಂಶ ಬರದಿದ್ದರೆ ಪ್ರಾಜೆಕ್ಟ್ ಮುಚ್ಚಿಬಿಡ್ತಾರೆ. ಅಷ್ಟು ಕಾದರೂ ಬ್ರೂವರಿಗಳಿಗೆ ಮೊದಲು ಇದರ ಮೇಲೆ ಆಸಕ್ತಿಯೇ ಇರಲಿಲ್ಲ. ಆ ಹೊತ್ತಿಗೆ ಜರ್ಮನಿಯಲ್ಲಿ ಹ್ಯಾಲರ್ಟಾವು ಮಿಟಲ್‌ಫ್ರೂ ತಳಿಗೆ ಸೊರಗು ರೋಗ ಹತ್ತಿ, ಪೂರೈಕೆಯ ಚಿಂತೆ ಶುರುವಾಯಿತು. ಆಗ ಕೂರ್ಸ್ ಕಂಪನಿ ಕ್ಯಾಸ್ಕೇಡ್ ಕೊಳ್ಳಲು ಮುಂದೆ ಬಂತು. ಅಂದರೆ ಇದು ಬಂದದ್ದು ಬದಲಿ ಆಟಗಾರನಾಗಿ. ಆದರೆ ಜರ್ಮನ್ ಹಾಪ್ಸ್‌ನ ಮೃದು ಹೂವಿನ ವಾಸನೆ ಇದರದಲ್ಲ. ಚಕ್ಕೋತದ ಸಿಪ್ಪೆ ಉಜ್ಜಿದಂಥ ಘಮ.

ದೊಡ್ಡವರಿಗೆ ಬದಲಿಯಾಗಿ ಬೇಕಾದ ಆ ಬಳ್ಳಿಯ ಚಕ್ಕೋತದ ಘಮವನ್ನೇ ಸಣ್ಣವರು ಹಿಡಿದುಕೊಂಡರು. 1975ರಲ್ಲಿ ಪಾಲ್ ರೆವಿಯರ್ ಕುದುರೆ ಸವಾರಿಯ 200ನೇ ವರ್ಷಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿಯ ಫ್ರಿಟ್ಸ್ ಮೇಟ್ಯಾಗ್ 'ಲಿಬರ್ಟಿ ಏಲ್' ಮಾಡಿದರು, ಕ್ಯಾಸ್ಕೇಡ್ ಧಾರಾಳವಾಗಿ ಸುರಿದು. ಚೀಕೊ ಊರಿನಲ್ಲಿ ಹೋಂಬ್ರೂ ಸಾಮಾನಿನ ಅಂಗಡಿ ಇಟ್ಟಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡ ಬ್ರೂವರಿ ಶುರುಮಾಡಿದರು. ಅವರ ಪೇಲ್ ಏಲ್ ಕುಡಿದವರಿಗೆ ಅಮೆರಿಕದ ಬಿಯರ್ ಅಂದರೆ ಈ ಘಮವೇ ಅಂತಾಯಿತು.

ಈ ನಡುವೆ ಕಾನೂನೂ ಬದಲಾಗಿತ್ತು. 1933ರಲ್ಲಿ ಪಾನನಿಷೇಧ ಹೋದಾಗ ಮನೆಯಲ್ಲಿ ವೈನ್ ಮಾಡೋದು ಸರಿ, ಬಿಯರ್ ತಪ್ಪು ಎಂಬ ವಿಚಿತ್ರ ಉಳಿದುಕೊಂಡಿತ್ತು. 1978ರ ಅಕ್ಟೋಬರ್‌ನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿ ಅದನ್ನು ಸರಿಪಡಿಸಿದರು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲ. (ಬೆಂಗಳೂರಿನವರೇ, ಇದನ್ನೋದಿ ಅಡುಗೆಮನೇಲಿ ಶುರುಮಾಡಬೇಡಿ. ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬರ್ತಾರೆ. ನಿಮಗೆ ಮೈಕ್ರೋಬ್ರೂವರಿಗಳಿವೆ.)

ಇನ್ನು ನನ್ನ ಪಾತ್ರೆಗೆ ಬರೋಣ. 19 ಲೀಟರ್ ಬ್ಲಾಂಡ್‌ಗೆ ಒಟ್ಟು 42 ಗ್ರಾಂ ಕ್ಯಾಸ್ಕೇಡ್ ಸಾಕು. ಕುದಿ ಶುರುವಾದಾಗ 14 ಗ್ರಾಂ, ಅದು ಒಂದು ಗಂಟೆ ಕುದ್ದು ಕಹಿ ಬಿಡುತ್ತೆ. ಕೊನೆಯ ಹದಿನೈದು ನಿಮಿಷಕ್ಕೆ 14, ಒಲೆ ಆರಿಸುವಾಗ 14. ಕೊತ್ತಂಬರಿ ಸೊಪ್ಪನ್ನು ಸಾರು ಇಳಿಸೋ ಹೊತ್ತಿಗೆ ಹಾಕೋದು ಯಾಕೆ ಹೇಳಿ? ಇಲ್ಲೂ ಅದೇ, ಘಮದ ಎಣ್ಣೆ ಕುದಿಯಲ್ಲಿ ಹಾರಿಹೋಗುತ್ತೆ. ಸಿಟ್ರಾದಲ್ಲಿ ಕಹಿ ಕೊಡುವ ಆಮ್ಲ ಇದರ ಎರಡು ಪಟ್ಟು ಆಸುಪಾಸು. ಇದೇ ಅಳತೆಯಲ್ಲಿ ಅದನ್ನು ಹಾಕಿದರೆ ಮಾಲ್ಟ್‌ನ ಬ್ರೆಡ್ಡಿನಂಥ ಸಿಹಿ ಪೂರ್ತಿ ಮುಳುಗುತ್ತೆ.

ಅದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸ ಇದೆ. ಸಿಟ್ರಾ ಖಾಸಗಿ ಕಂಪನಿಯ ತಳಿ, ಪೇಟೆಂಟ್ ಆದದ್ದು. ಯಾರು ಬೆಳೀಬೇಕು ಅನ್ನೋದನ್ನು ಒಡೆಯರೇ ತೀರ್ಮಾನಿಸ್ತಾರೆ. ಕ್ಯಾಸ್ಕೇಡ್ ತೆರಿಗೆದಾರರ ದುಡ್ಡಲ್ಲಿ ಹುಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಪರವಾನಗಿಗೆ ಕೈಚಾಚದೆ ಯಾವ ಸಣ್ಣ ರೈತನೂ ನೆಡಬಹುದಿತ್ತು, ಆ ಸಣ್ಣ ಬ್ರೂವರಿಗಳ ಕೈಗೆ ಎಟುಕಿದ್ದರಲ್ಲಿ ಇದರ ಪಾಲೂ ಇದೆ ಅಂತ ನನ್ನ ಅನಿಸಿಕೆ. ಇವತ್ತಿಗೂ ವಸಂತ ಕಾಲದಲ್ಲಿ ಇಲ್ಲಿನ ಹೋಂಬ್ರೂ ಅಂಗಡಿಯವರನ್ನು ಸಿಟ್ರಾದ ಬೇರುತುಂಡು ಕೇಳಿ ನೋಡಿ, ಇಲ್ಲ ಅಂತಾರೆ. ಕ್ಯಾಸ್ಕೇಡ್ ಕೇಳಿದರೆ ಕಾಗದದಲ್ಲಿ ಸುತ್ತಿ ಕೊಟ್ಟು, ಬಿಸಿಲು ಬೀಳೋ ಗೋಡೆ ಪಕ್ಕ ನೆಡಿ, ಹಬ್ಬಿಸೋಕೆ ಉದ್ದದ ಹಗ್ಗ ಕಟ್ಟಿ ಅಂತಾರೆ.