ತೊಗಲಿನ ವಾಸನೆ, ಸೀಸೆಯ ಸುಗಂಧ

ಗೆಳೆಯನೊಬ್ಬ ವಿದೇಶದಿಂದ ತಂದುಕೊಟ್ಟ ಸುಗಂಧದ ಎರಡು ಹನಿಯನ್ನು ಮಣಿಕಟ್ಟಿಗೆ ಹಚ್ಚಿಕೊಂಡು ಮೊನ್ನೆ ದೊಡ್ಡನೆಕ್ಕುಂದಿಯಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಎರಡು ಸಲ ನನ್ನ ಕಾಲಿನತ್ತ ನೋಡಿದರು. ಮೂರನೆಯ ಸಲ ಕೇಳಿಯೇಬಿಟ್ಟರು: ‘ಹೊಸ ಬೂಟಾ ಸ್ವಾಮಿ?’ ನನ್ನ ಕಾಲಲ್ಲಿದ್ದುದು ಹವಾಯಿ ಚಪ್ಪಲಿ!

ಮೊದಲ ಐದು ನಿಮಿಷ ಹೊಗೆ, ಟಾರು, ಕುದುರೆಯ ಜೀನು. ಅರ್ಧ ಗಂಟೆ ಸಹಿಸಿಕೊಂಡರೆ ತುಸು ಸಿಹಿ. ಇದು ‘ಚರ್ಮದ ಪರಿಮಳ’ ಎಂಬ ಜಾತಿಗೆ ಸೇರಿದ್ದು. ವಿಚಿತ್ರವೆಂದರೆ ಇಂಥ ಸೀಸೆಯಲ್ಲಿ ಚರ್ಮದ ಲವಲೇಶವೂ ಇರುವುದಿಲ್ಲ. ಬರ್ಚ್ ಮರದ ತೊಗಟೆಯಿಂದ ಇಳಿಸಿದ ಟಾರು, ಬೀವರ್ ಎಂಬ ಪ್ರಾಣಿಯ ಗ್ರಂಥಿಯ ಸ್ರಾವ ಅಥವಾ ಅದರ ಕೃತಕ ರೂಪ, ಐಸೊಬ್ಯುಟೈಲ್ ಕ್ವಿನೊಲಿನ್ ಎಂಬ ರಾಸಾಯನಿಕ, ಇವೆಲ್ಲ ಸೇರಿ ಮೂಗಿಗೆ ಚರ್ಮದ ಭ್ರಮೆ ಹುಟ್ಟಿಸುತ್ತವೆ.

ಚರ್ಮಕ್ಕೂ ಸುಗಂಧಕ್ಕೂ ನಂಟು ಹಳೆಯದು. ದಕ್ಷಿಣ ಫ್ರಾನ್ಸಿನ ಗ್ರಾಸ್ ಮೊದಲು ಚರ್ಮ ಹದ ಮಾಡುವವರ ಊರು. ಅಲ್ಲಿನ ಕೈಗವಸುಗಳು ನಾರುತ್ತಿದ್ದವು. ಶ್ರೀಮಂತರ ಮೂಗಿಗೆ ಹಿತವಾಗಲೆಂದು ಅವಕ್ಕೆ ಹೂವಿನ ಎಣ್ಣೆ ಲೇಪಿಸಿದರು. ಕಾಲಕ್ರಮದಲ್ಲಿ ಚರ್ಮದ ಕೆಲಸ ಹಿಂದೆ ಸರಿಯಿತು, ಸುಗಂಧ ಉಳಿಯಿತು. ನಾತ ಮುಚ್ಚಲು ಹುಟ್ಟಿದ ವಿದ್ಯೆಯೇ ಇಪ್ಪತ್ತನೆಯ ಶತಮಾನದಲ್ಲಿ ಚರ್ಮದ ವಾಸನೆಯನ್ನು ಬೇಕೆಂದೇ ಕಟ್ಟಿಕೊಟ್ಟಿತು. 1919ರಲ್ಲಿ ಕ್ಯಾರನ್ ಸಂಸ್ಥೆಯ ‘ಟಬಾ ಬ್ಲಾಂಡ್’ ಬಂತು. 1944ರಲ್ಲಿ ಜರ್ಮೇನ್ ಸೆಲಿಯೆ ಎಂಬ ಮಹಿಳೆ ಕ್ವಿನೊಲಿನ್ ಧಾರಾಳವಾಗಿ ಸುರಿದು ‘ಬ್ಯಾಂಡಿಟ್’ ತಯಾರಿಸಿದರು. ಹೆಸರೇ ಡಕಾಯಿತ; ಹಚ್ಚಿಕೊಳ್ಳುವುದಕ್ಕೂ ಸ್ವಲ್ಪ ಧೈರ್ಯ ಬೇಕು.

ನಮ್ಮೂರಿಗೆ ಬರೋಣ. ಮೈಸೂರು ಸರ್ಕಾರ ಗಂಧದೆಣ್ಣೆ ತೆಗೆಯಲು ಶುರುಮಾಡಿದ್ದು 1916ರಲ್ಲಿ. ಆ ಹೆಮ್ಮೆಯನ್ನು ಇಂದಿಗೂ ಹೇಳಿಕೊಳ್ಳುತ್ತೇವೆ. 1809ರಲ್ಲಿ ನೆಲೆಯೂರಿದ ದಂಡಿಗೆ ಬೂಟು, ಬೆಲ್ಟು, ಜೀನು ಎಲ್ಲವೂ ಚರ್ಮದ್ದೇ ಬೇಕಿತ್ತು. ಫ್ರೇಜರ್ ಟೌನ್ ಪಕ್ಕದ ಟ್ಯಾನರಿ ರಸ್ತೆಯ ಹೆಸರಿನಲ್ಲಿ ಆ ಕಸುಬು ಇನ್ನೂ ಅಂಟಿಕೊಂಡಿದೆ. ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಸಿ ಕೂದಲು ಕೆರೆದು, ತಂಗಡಿ ತೊಗಟೆ, ಅಳಲೆಕಾಯಿಯ ಒಗರು ನೀರಿನಲ್ಲಿ ವಾರಗಟ್ಟಲೆ ಅದ್ದಿಡುವುದು ಹಳೆಯ ಕ್ರಮ. ಕ್ರೋಮ್ ಲವಣ ಬಂದ ಮೇಲೆ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಹೊಸ ಜೋಡಿನಲ್ಲಿ ನಮಗೆ ಇಷ್ಟವಾಗುವ ವಾಸನೆ ಬಹುಪಾಲು ಹದಕ್ಕೆ ಬಳಸಿದ ತೊಗಟೆ, ಎಣ್ಣೆಗಳದು. ದುರ್ವಾಸನೆಯೆಲ್ಲ ಹದ ಮಾಡಿದವರ ಪಾಲಿಗೆ.

ಆ ಪಾಲು ಸಣ್ಣದಲ್ಲ. ವಾಸನೆಯ ನೆಪ ಒಡ್ಡಿ ಅವರನ್ನು ಊರ ಹೊರಗೆ ಇಟ್ಟರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಎಂದು ಕಸುಬು ಹೆಸರಿನ ಮುಂದೆಯೇ ನಿಂತಿತ್ತು. ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸನ ಮಗಳನ್ನು ತಂದುಕೊಂಡದ್ದಕ್ಕೆ ಇಬ್ಬರು ತಂದೆಯರನ್ನೂ ಕೊಲ್ಲಿಸಲಾಯಿತು ಎನ್ನುತ್ತದೆ ಶರಣ ಪರಂಪರೆ.

ಬಸ್ಸು ಹಲಸೂರು ದಾಟುವಾಗ ಹಿರಿಯರಿಗೆ ನಿಜ ಹೇಳಿ ಮಣಿಕಟ್ಟು ಚಾಚಿದೆ. ಮೂಸಿದರು. ಅವರ ತಂದೆ ತೊಗಲಿನ ಮಂಡಿಯಲ್ಲಿ ದುಡಿಯುತ್ತಿದ್ದರಂತೆ. ಮದುವೆ ಮನೆಗೆ ಹೊರಡುವ ದಿನ ಸೀಗೆಪುಡಿ ಹಾಕಿ ಎರಡೆರಡು ಸಲ ಮೈ ಉಜ್ಜಿಕೊಳ್ಳುತ್ತಿದ್ದರಂತೆ. ‘ಆದರೂ ಪಂಕ್ತಿಯಲ್ಲಿ ಪಕ್ಕದವರು ಎದ್ದು ಹೋಗೋರು’ ಎಂದರು.

ಸೀಸೆಯ ಬೆಲೆ ಎಷ್ಟೆಂದು ಕೇಳಿದರು. ಹನ್ನೆರಡು ಸಾವಿರ ಎಂದೆ. ಇನ್ನೊಂದು ಸಲ ಮೂಸಿ, ಶಿವಾಜಿನಗರದಲ್ಲಿ ಇಳಿದು ಹೋದರು.