ಗಡಿಗೆಯೊಳಗಿನ ಗಾನ

ಧ್ವನಿವರ್ಧಕವು ಮುಂದಕ್ಕೆ ಹಾಡುವಷ್ಟೇ ಹಿಂದಕ್ಕೂ ಹಾಡುತ್ತದೆ. ಆದರೆ ಹಿಂದಿನ ಅಲೆ ವಿರುದ್ಧಗತಿಯದು. ಎರಡೂ ಕೂಡಿದರೆ ಮಂದ್ರಸ್ವರ ಅಳಿಯುತ್ತದೆ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಇಂದಿನ ಬಗೆಯ ಧ್ವನಿವರ್ಧಕವನ್ನು ರೂಪಿಸಿದಾಗಲೇ ಇದನ್ನರಿತು, ಅದನ್ನು ಹಲಗೆಯ ನಡುವೆ ಕೂರಿಸಿದ್ದರು. ಬಳಿಕ ಬಂದ ಭಾರಿ ಪೆಟ್ಟಿಗೆಗಳು ಸಿರಿವಂತರ ನಡುಮನೆಗಳಿಗೇ ಸಂದವು. 1954ರಲ್ಲಿ ಎಡ್ಗರ್ ವಿಲ್ಚರ್, ಭದ್ರವಾಗಿ ಮುಚ್ಚಿದ ಪುಟ್ಟ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿ, ಮಂದ್ರಕ್ಕೆ ಗಾತ್ರ ಅನಿವಾರ್ಯವಲ್ಲವೆಂದು ತೋರಿಸಿದರು.

1980ರ ಸುಮಾರಿಗೆ ನಮ್ಮ ಬಡ ರಸಿಕರು ಸ್ಟೀರಿಯೊದ ಎರಡು ಸ್ಪೀಕರುಗಳನ್ನು ಎರಡು ಮಣ್ಣಿನ ಗಡಿಗೆಗಳ ಬಾಯಿಗೆ ಕೂರಿಸಿದ್ದನ್ನು ಬಲ್ಲೆ. ಕಲಿತವರು ನಕ್ಕರು. ನಗತಕ್ಕದ್ದೇನಿತ್ತು? ಗಡಿಗೆಗೆ ತನ್ನದೇ ದನಿಯುಂಟು, ನಿಜ. ಒಳಗಿಷ್ಟು ಹತ್ತಿ ತುಂಬಿದರೆ ಅದು ತಗ್ಗುತ್ತದೆ. ಹಿಂದಿನ ಅಲೆಯನ್ನು ಮಣ್ಣು ತಡೆಯಿತು. ಮೃದಂಗದ ಎಡಬದಿಯ ಗುಂಕಾರ ಆ ಮನೆಗಳಲ್ಲಿ ಮೊದಲ ಬಾರಿಗೆ ಕೇಳಿಸಿತು.