ಸರಾಸರಿಯ ಮರೆಯಲ್ಲಿ ಮಳೆ: ಮುಂಗಾರಿನ ಗಣಿತೀಯ ಅಧ್ಯಯನದ ಇತಿಹಾಸ

ಭಾರತದಲ್ಲಿ ಮಳೆಯ ಗಣಿತೀಯ ಅಧ್ಯಯನದ ಇತಿಹಾಸವು ಕ್ಷಾಮದ ಇತಿಹಾಸದೊಂದಿಗೆ ಬೆಸೆದುಕೊಂಡಿದೆ. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಗೊಂಡಿತು. ಮರುವರ್ಷವೇ ತಲೆದೋರಿದ 1876–78ರ ಮಹಾಕ್ಷಾಮ, ಮೈಸೂರು ಸೀಮೆಯ ಜನರ ‘ಧಾತು–ಈಶ್ವರ ಬರ’, ಇಲಾಖೆಯ ಮುಂದೆ ಒಂದು ಪ್ರಶ್ನೆಯನ್ನಿರಿಸಿತು: ಮುಂಗಾರು ಕೈಕೊಡುವುದನ್ನು ಮುಂಚಿತವಾಗಿ ಅರಿಯಬಹುದೇ?

ಇಲಾಖೆಯ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲಾನ್‌ಫರ್ಡ್ ಅವರು ಹಿಮಾಲಯದಲ್ಲಿ ಹಿಮ ಹೆಚ್ಚಿದ ವರ್ಷ ಮಳೆ ಕ್ಷೀಣಿಸುವುದೆಂದು ಗುರುತಿಸಿದರು. 1904ರಲ್ಲಿ ಅಧಿಕಾರ ವಹಿಸಿಕೊಂಡ ಗಣಿತಜ್ಞ ಗಿಲ್ಬರ್ಟ್ ವಾಕರ್ ಅವರು ಜಗತ್ತಿನ ನಾನಾ ಕೇಂದ್ರಗಳ ವಾಯುಭಾರ, ಉಷ್ಣತೆ, ಮಳೆಗಳ ದಾಖಲೆಗಳಿಗೆ ಸಹಸಂಬಂಧ ಗುಣಾಂಕವನ್ನು ಅನ್ವಯಿಸಿದರು. ‘ದಕ್ಷಿಣ ಆಂದೋಲನ’ವೆಂಬ ಪರಿಕಲ್ಪನೆ ಈ ಶ್ರಮದ ಫಲ. ಆದರೆ ಈ ಘಟ್ಟದ ಮುಖ್ಯ ಲಕ್ಷ್ಯವಿದ್ದದ್ದು ಇಡೀ ಋತುವಿನ ಒಟ್ಟು ಮಳೆಯ ಮೇಲೆ.

ಭೂತಾಪ ಏರಿಕೆಯ ಚರ್ಚೆ ಈ ಮಾನದಂಡದ ಮಿತಿಯನ್ನು ತೋರಿತು. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಆದರೂ ಮುಂಗಾರಿನ ಸರಾಸರಿಯಲ್ಲಿ ಸ್ಪಷ್ಟವಾದ ಏರಿಕೆ ಕಾಣಲಿಲ್ಲ. 2006ರಲ್ಲಿ ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದರ ಒಳಮರ್ಮವನ್ನು ಬಿಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಇದರಲ್ಲಿ ಭಾಗಿಗಳಾಗಿದ್ದರು. 1951ರಿಂದ 2000ದವರೆಗಿನ ಮಧ್ಯಭಾರತದ ದಿನವಹಿ ಮಳೆಯನ್ನು ತೀವ್ರತೆಗನುಗುಣವಾಗಿ ವಿಂಗಡಿಸಿದಾಗ, ದಿನಕ್ಕೆ 100 ಮಿಲಿಮೀಟರ್ ಮೀರಿದ ಭಾರೀ ಮಳೆಯ ಪ್ರಸಂಗಗಳು ಹೆಚ್ಚಿದ್ದುವು, ಸಾಧಾರಣ ಮಳೆಯವು ತಗ್ಗಿದ್ದುವು. ಒಂದರ ಏರಿಕೆ ಇನ್ನೊಂದರ ಇಳಿಕೆಯಲ್ಲಿ ಕರಗಿ, ಸರಾಸರಿ ಮಾತ್ರ ಇದ್ದಂತೆಯೇ ಉಳಿದಿತ್ತು.

ಈ ನಿರ್ಣಯವೇ ಅಂತಿಮವಾಗಲಿಲ್ಲ. 2012ರಲ್ಲಿ ಸುಬಿಮಲ್ ಘೋಷ್ ಮತ್ತು ಸಂಗಡಿಗರು ಭಿನ್ನ ಗಣಿತ ವಿಧಾನವನ್ನನುಸರಿಸಿ, ಅತಿವೃಷ್ಟಿಯ ಏರಿಕೆ ದೇಶದಾದ್ಯಂತ ಏಕರೂಪವಾಗಿಲ್ಲ, ಪ್ರದೇಶದಿಂದ ಪ್ರದೇಶಕ್ಕೆ ಇರುವ ವ್ಯತ್ಯಾಸವೇ ಹೆಚ್ಚುತ್ತಿದೆ ಎಂದು ತೋರಿಸಿದರು. 1950ರಿಂದ 2015ರ ಅವಧಿಯಲ್ಲಿ ಮಧ್ಯಭಾರತದ ವ್ಯಾಪಕ ಅತಿವೃಷ್ಟಿ ಪ್ರಸಂಗಗಳು ಮೂರು ಪಟ್ಟಾದುವೆಂದು 2017ರಲ್ಲಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ನಿರೂಪಿಸಿದರು. ಆಯ್ದ ಪ್ರದೇಶ, ಅವಧಿ ಹಾಗೂ ವಿಧಾನಗಳು ಉತ್ತರವನ್ನು ಪ್ರಭಾವಿಸುತ್ತವೆಂಬುದು ಇಲ್ಲಿ ಗಮನಾರ್ಹ.

ನಾಲ್ಕು ದಿನ 25 ಮಿಲಿಮೀಟರಿನಂತೆ ಸುರಿದ ಮಳೆಯೂ ಒಂದೇ ದಿನ ಸುರಿದ 100 ಮಿಲಿಮೀಟರ್ ಮಳೆಯೂ ಲೆಕ್ಕದಲ್ಲಿ ಸಮಾನ. ಮೊದಲನೆಯದು ನೆಲಕ್ಕಿಂಗಿ ಬೆಳೆಯನ್ನು ಪೊರೆಯುತ್ತದೆ. ಎರಡನೆಯದು ಮೇಲ್ಮಣ್ಣನ್ನು ಕೊಚ್ಚಿ, ಕೆರೆಯ ಏರಿಯನ್ನೇ ಒಡೆಯಬಹುದು. ಕ್ಷಾಮದ ಕಾಲಕ್ಕೆ ‘ಮಳೆ ಎಷ್ಟು’ ಎಂದು ಕೇಳಿದ ಶಾಸ್ತ್ರವು ‘ಮಳೆ ಹೇಗೆ’ ಎಂದು ಕೇಳತೊಡಗಿದ್ದೇ ಈ ಇತಿಹಾಸದ ಮಹತ್ವದ ತಿರುವು.